ಎರಡು ವಯರು ಅದಲುಬದಲು

ಹೊಸಹೊಳಲಿಗೆ ಹೊರಗಿನವರು ಬರುವುದು ಲಕ್ಷ್ಮೀನಾರಾಯಣನ ದೇಗುಲ ನೋಡಲು. ಹೊಯ್ಸಳ ವೀರ ಸೋಮೇಶ್ವರನ ಕಾಲದ, 1250ರ ಆಸುಪಾಸಿನ ತ್ರಿಕೂಟ ಅದು. ನಡುವೆ ನಾರಾಯಣ, ಅಕ್ಕಪಕ್ಕದಲ್ಲಿ ವೇಣುಗೋಪಾಲ ಮತ್ತು ಲಕ್ಷ್ಮೀನರಸಿಂಹ. ನವರಂಗದ ಕಂಬಗಳ ಹೊಳಪು, ಹೊರಗೋಡೆಯ ರಾಮಾಯಣ, ಮಹಾಭಾರತದ ಪಟ್ಟಿಕೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಹೋದದ್ದೂ ಅದಕ್ಕೇ. ಆದರೆ ಅಲ್ಲಿಂದ ಕೆ.ಆರ್. ಪೇಟೆ ಕಡೆಗೆ ಹೊರಟಾಗ ರಸ್ತೆಬದಿಯ ಮೋಟಾರ್ ರೀವೈಂಡಿಂಗ್ ಅಂಗಡಿಯೊಂದರಲ್ಲಿ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಬಾಗಿಲಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳ ಸಾಲು, ವಾರ್ನಿಷ್ ವಾಸನೆ, ಗೋಡೆಗೆ ತೂಗುಹಾಕಿದ ತಾಮ್ರದ ತಂತಿಯ ಸುರುಳಿಗಳು. ಮೇಜಿನ ಮೇಲೆ ಮಾತ್ರ ಹೊಟ್ಟೆ ಬಿಚ್ಚಿ ಮಲಗಿಸಿದ ಕೆಂಪು ಎಲೆಕ್ಟ್ರಿಕ್ ಗಿಟಾರು.

ಗಿಟಾರು ಪಕ್ಕದಲ್ಲಿ ನಿಂತಿದ್ದ ಹುಡುಗನದು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನೆ. ರಾಜನ್–ನಾಗೇಂದ್ರರ ಹಾಡುಗಳಿಗೆ, ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ ಹಾಡುಗಳಿಗೆ ಅವನ ಗಿಟಾರು ಸಾಕಾಗುತ್ತದೆ. ನಡುವೆ ವಾಲಗದ ತುಣುಕು ಬಂದರೆ ಕೀಬೋರ್ಡಿನವನ ಮುಖ ನೋಡಬೇಕು. ತನ್ನ ಗಿಟಾರಿನಲ್ಲೇ ಅಂಥ ಮೂಗುದನಿ ಹೊರಡಬೇಕು ಎಂಬುದು ಅವನ ಆಸೆ. ಎಫೆಕ್ಟ್ ಪೆಡಲ್ ಕೊಳ್ಳುವ ಬದಲು ಗಿಟಾರನ್ನು ತಂದು ಊರಿನ ರೀವೈಂಡಿಂಗ್ ಮೇಸ್ತ್ರಿಯ ಮುಂದೆ ಇಟ್ಟಿದ್ದ.

ಅವನ ಆಯ್ಕೆ ಸರಿಯಾಗಿತ್ತು. ಎಲೆಕ್ಟ್ರಿಕ್ ಗಿಟಾರಿನ ದನಿಯಲ್ಲಿ ಮರಕ್ಕೆ ಸಲ್ಲುತ್ತಿರುವ ಕೀರ್ತಿ ಅದರ ಪಾಲಿಗಿಂತ ಹೆಚ್ಚು ಎಂದು ನಾನು ನಂಬಿದ್ದೇನೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಜಗತ್ತಿನ ದೊಡ್ಡ ಗಿಟಾರುಗಳ ಫಿಂಗರ್‌ಬೋರ್ಡ್ ಆಗಿರುವುದು ನನಗೂ ಹೆಮ್ಮೆಯ ವಿಷಯ. ಆದರೂ ಸ್ಪೀಕರಿಗೆ ಹೋಗುವುದು ಪಿಕಪ್ ಕೇಳಿಸಿಕೊಂಡ ದನಿ ಮಾತ್ರ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಕಾಯಿಲು. ಸುರುಳಿ, ಕಂಡೆನ್ಸರು, ಅರ್ತಿಂಗು, ಇಷ್ಟರಲ್ಲೇ ಮೇಸ್ತ್ರಿಯ ಆಯುಷ್ಯ ಕಳೆದಿದೆ. ಸ್ಟ್ರಾಟೋಕಾಸ್ಟರ್ ಕೊಟ್ಟ ಲಿಯೋ ಫೆಂಡರ್ ಕೂಡ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1954ರ ಆ ಗಿಟಾರಿನಲ್ಲಿ ಮೂರು ಪಿಕಪ್, ಸ್ವಿಚ್ಚಿಗೂ ಮೂರೇ ಸ್ಥಾನ. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ಮಧ್ಯೆ ಸಿಕ್ಕಿಸಿ ನಿಲ್ಲಿಸಿ, ಎರಡೆರಡು ಪಿಕಪ್ ಒಟ್ಟಿಗೆ ಕೇಳುವ ಹೊಸ ದನಿ ಹುಡುಕಿಕೊಂಡರು. ಐದು ಸ್ಥಾನದ ಸ್ವಿಚ್ಚನ್ನು ಕಂಪನಿ ತಾನೇ ಹಾಕಿದ್ದು 1977ರಲ್ಲಿ.

ಹುಡುಗ ತನಗೆ ಬೇಕಾದ ದನಿಯನ್ನು ಬಾಯಲ್ಲೇ ಅನುಕರಿಸಿ ತೋರಿಸಿದ. ಮೇಸ್ತ್ರಿ ಮೂರೂ ಪಿಕಪ್‌ಗಳ ವಯರುಗಳನ್ನು ಒಂದೊಂದಾಗಿ ಮೀಟರಿಗೆ ಕೊಟ್ಟು ನೋಡಿದರು. ಎರಡು ಆರು ಸಾವಿರ ಓಮ್‌ನ ಹತ್ತಿರ ತೋರಿಸಿದವು. ನಡುವಿನದು ಸತ್ತಿತ್ತು.

“ತ್ರೀ ಫೇಸ್ ಮೋಟ್ರಲ್ಲಿ ಯಾವ್ದಾದ್ರೂ ಎರಡು ವಯರ್ ಅದಲುಬದಲು ಮಾಡುದ್ರೆ ಏನಾಯ್ತದೆ?” ಎಂದು ಕೇಳಿದರು. ಮಂಡ್ಯ ಸೀಮೆಯಲ್ಲಿ ಇದಕ್ಕೆ ಉತ್ತರ ಗೊತ್ತಿಲ್ಲದ ಮನೆಯಿಲ್ಲ. ಲೈನ್‌ಮನ್ ಕಂಬದಲ್ಲಿ ತಂತಿ ಬದಲಿಸಿ ಇಳಿದ ಮರುದಿನ ಮೋಟಾರು ಉಲ್ಟಾ ತಿರುಗುತ್ತದೆ, ನೀರು ಸರಿಯಾಗಿ ಏರುವುದಿಲ್ಲ. ಸ್ಟಾರ್ಟರ್ ಬಿಚ್ಚಿ ಎರಡು ವಯರು ಬದಲಿಸಿದರೆ ಗದ್ದೆಗೆ ನೀರು. ಗಿಟಾರಿನಲ್ಲೂ ಒಂದು ಪಿಕಪ್‌ನ ಎರಡು ವಯರು ಬದಲಿಸಿ ನೋಡೋಣ ಎಂದರು.

ಬದಲಿಸಿದರು. ಆ ಪಿಕಪ್ ಒಂದನ್ನೇ ನುಡಿಸಿದಾಗ ಏನೂ ವ್ಯತ್ಯಾಸವಿಲ್ಲ. ಹುಡುಗನ ಮುಖ ಬಾಡಿತು. ಕುತ್ತಿಗೆ ಕಡೆಯ ಪಿಕಪ್ಪನ್ನೂ ಅದರ ಜೊತೆಗೆ ಸೇರಿಸಿದಾಗ ಮಂದ್ರವೆಲ್ಲ ಕರಗಿಹೋಗಿ ಕಿರಿದಾದ, ಚೂಪಾದ, ಮೂಗಿನಿಂದ ಹೊರಟಂಥ ದನಿ ಅಂಗಡಿ ತುಂಬಿತು. ಒಂದೇ ತಂತಿಯ ಕಂಪನವನ್ನು ಎರಡೂ ಕಾಯಿಲುಗಳು ಕೇಳುತ್ತವೆ. ವಯರು ತಿರುಗಿಸಿದ ಮೇಲೆ ಒಂದು ಏರುವ ಹೊತ್ತಿಗೆ ಇನ್ನೊಂದು ಇಳಿಯುತ್ತದೆ. ಎರಡಕ್ಕೂ ಸಮಾನವಾಗಿ ಕೇಳಿಸುವುದು, ಮುಖ್ಯವಾಗಿ ತಗ್ಗಿನ ಸ್ವರ, ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ಬೇರೆ ಬೇರೆ ಜಾಗದಲ್ಲಿ ಕೂತಿರುವುದರಿಂದ ಮೇಲಿನ ಸ್ವರಾಂಶಗಳು ಎರಡಕ್ಕೂ ಒಂದೇ ಥರ ಕೇಳುವುದಿಲ್ಲ, ಅವು ಉಳಿದುಕೊಳ್ಳುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆಯೂ ತಗ್ಗಿತು. ಒಂದೇ ಬಗೆಯಲ್ಲಿ ಸುತ್ತಿದ ಆ ಎರಡು ಕಾಯಿಲುಗಳಿಗೆ ಅದೂ ಸಮಾನವಾಗಿಯೇ ತಗಲುತ್ತಿತ್ತು.

ಈ ಉಲ್ಟಾ ದನಿಯ ಹಿಂದೆ ಒಂದು ದೊಡ್ಡ ಕಥೆಯಿದೆ, ನನಗೆ ಬಲು ಇಷ್ಟವಾದದ್ದು. ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದ ಪೀಟರ್ ಗ್ರೀನ್ ಅವರ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರು, ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ, ಬೇರಾವ ಲೆಸ್ ಪಾಲ್‌ನಲ್ಲೂ ಇಲ್ಲದ ಅಳುದನಿಯಲ್ಲಿ ಹಾಡುತ್ತಿತ್ತು. ಗ್ರೀನ್ ಕುತ್ತಿಗೆಯ ಪಿಕಪ್ಪನ್ನು ಹಿಂದುಮುಂದಾಗಿ ಕೂರಿಸಿದ್ದರು, ಅದರ ಸ್ಕ್ರೂಗಳ ಸಾಲು ತಪ್ಪು ಬದಿಗೆ ಇತ್ತು. ಗುಟ್ಟು ಅದೇ ಎಂದು ನಂಬಿ ಎಷ್ಟೋ ಜನ ತಮ್ಮ ಪಿಕಪ್‌ಗಳನ್ನು ತಿರುಗಿಸಿ ಕೂರಿಸಿಕೊಂಡರು. ಏನೂ ಆಗಲಿಲ್ಲ, ಆಗುವಂತೆಯೂ ಇಲ್ಲ. ಸಿಗ್ನಲ್ ತಲೆಕೆಳಗಾಗಬೇಕಾದರೆ ಒಂದೋ ವಯರು ಬದಲಾಗಬೇಕು, ಇಲ್ಲವೇ ಒಳಗಿನ ಅಯಸ್ಕಾಂತದ ಉತ್ತರ ದಕ್ಷಿಣ ಬದಲಾಗಬೇಕು. ಗ್ರೀನ್ ಅವರ ಗಿಟಾರಿನಲ್ಲಿ ತಿರುಗಿದ್ದದ್ದು ಅಯಸ್ಕಾಂತ. ಗ್ಯಾರಿ ಮೂರ್ ಕೈಗೆ ಹೋಗಿ, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಬಳಿ ಇರುವ ಆ ಗಿಟಾರಿನ ಖ್ಯಾತಿಯ ದೊಡ್ಡ ಪಾಲು ಒಂದು ಅಯಸ್ಕಾಂತದ ಪಟ್ಟಿಯದು. ಇದನ್ನು ಹೇಳಿದಾಗ ಮೇಸ್ತ್ರಿ ಪಿಕಪ್ಪಿನ ಅಡಿಗೆ ಸ್ಕ್ರೂಡ್ರೈವರ್ ಹಿಡಿದು ಎಳೆತ ನೋಡಿ, “ಇದ್ನ ತಿರುಗ್ಸೋದಕ್ಕಿಂತ ವಯರೇ ಸುಲಭ” ಎಂದರು. ಇಂಥದ್ದನ್ನು ಬೇಕೆಂದೇ ಮಾಡಿದವರು ಕ್ವೀನ್ ತಂಡದ ಬ್ರಯಾನ್ ಮೇ. 1963ರಲ್ಲಿ ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರು ಕಟ್ಟಲು ತೊಡಗಿದ ಅವರು ಮೂರು ಪಿಕಪ್‌ಗೆ ಆರು ಸ್ವಿಚ್ ಇಟ್ಟರು: ಪ್ರತಿಯೊಂದಕ್ಕೂ ಆನ್ ಆಫ್ ಒಂದು, ಉಲ್ಟಾ ಮಾಡಲು ಒಂದು.

ವಾದ್ಯವನ್ನು ಬಿಚ್ಚಿ ಬದಲಿಸುವುದು ನಮಗೆ ಹೊಸದಲ್ಲ. ತಿರುಮಕೂಡಲು ಚೌಡಯ್ಯನವರು ದೊಡ್ಡ ಸಭೆಯ ಕೊನೆಯ ಸಾಲಿಗೂ ದನಿ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿದರು. ಕದ್ರಿ ಗೋಪಾಲನಾಥರು ಸ್ಯಾಕ್ಸಫೋನನ್ನು ಗಮಕಕ್ಕೆ ಒಗ್ಗಿಸಲು ಅದರಲ್ಲಿ ಮಾರ್ಪಾಡು ಮಾಡಿಕೊಂಡರು. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಹೊಸಹೊಳಲಿನ ಈ ಕೆಲಸವನ್ನು ಅದೇ ಸಾಲಿನಲ್ಲಿಡಲು ನನಗೆ ಸಂಕೋಚವಿಲ್ಲ.

ವಯರನ್ನು ಕಾಯಂ ಉಲ್ಟಾ ಬಿಟ್ಟರೆ ಆ ಎರಡು ಪಿಕಪ್ ಕೂಡಿಸಿದ ತುಂಬುದನಿ ಮತ್ತೆ ಸಿಗುವುದಿಲ್ಲ. ಹಾಗಾಗಿ ಮೇಸ್ತ್ರಿ ಆರು ಕಾಲಿನ ಪುಟ್ಟ ಸ್ವಿಚ್ಚೊಂದನ್ನು ತೆಗೆದು ಕಾಲುಗಳ ನಡುವೆ ಕತ್ತರಿ ಆಕಾರದಲ್ಲಿ ವಯರು ಬೆಸೆದರು. ಒತ್ತಿದರೆ ಸೀದಾ, ಎಳೆದರೆ ಉಲ್ಟಾ. ಮಾಡಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ: ಟೆಲಿಕಾಸ್ಟರ್‌ನ ಕುತ್ತಿಗೆ ಪಿಕಪ್‌ನಂತೆ ಲೋಹದ ಮುಚ್ಚಳವಿದ್ದರೆ, ಮುಚ್ಚಳದ ಅರ್ತನ್ನು ಮೊದಲು ಬೇರೆ ಮಾಡಬೇಕು. ಇಲ್ಲದಿದ್ದರೆ ವಯರು ಬದಲಿಸಿದಾಗ ಮುಚ್ಚಳಕ್ಕೇ ಸಿಗ್ನಲ್ ಬಂದು ಬೆರಳು ತಾಗಿದಾಗಲೆಲ್ಲ ಗುಂಯ್ ಎನ್ನುತ್ತದೆ.

ಹುಡುಗ ಟೋನ್ ಕಂಡೆನ್ಸರನ್ನೂ ಬದಲಿಸಬೇಕೆಂದಿದ್ದ. ಹಳೇ ಕಾಲದ, ಎಣ್ಣೆ ಕಾಗದದ ಕಂಡೆನ್ಸರುಗಳಿಗೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮುಖ್ಯವಾದದ್ದು ಅದರ ಬೆಲೆಯಲ್ಲ, ಅಳತೆ. 0.047 ಮೈಕ್ರೊಫ್ಯಾರಡ್ ಇದ್ದಲ್ಲಿ 0.022 ಹಾಕಿದರೆ ಟೋನ್ ತಿರುಗಿಸಿದಾಗ ದನಿ ಅಷ್ಟು ಮಂಕಾಗುವುದಿಲ್ಲ. ಆ ಕೆಲಸವನ್ನು ಕೆಲವೇ ರೂಪಾಯಿಯ ಪಾಲಿಯೆಸ್ಟರ್ ಕಂಡೆನ್ಸರು ಮಾಡಿತು. ವೇದಿಕೆಯಿಂದ ಆಂಪ್ಲಿಫೈಯರಿಗೆ ಎಳೆಯುವ ಉದ್ದದ ಕೇಬಲ್ಲೂ ತಾರದ ಹೊಳಪನ್ನು ತಿನ್ನುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗಿಟಾರಿನ ಬೆನ್ನಲ್ಲಿ ಸ್ಪ್ರಿಂಗಿಗೆ ಬೆಸೆದ ಅರ್ತ್ ವಯರನ್ನು ಮೇಸ್ತ್ರಿ ಮುಟ್ಟಲಿಲ್ಲ. ತಂತಿಗೆ ಬೆರಳಿಟ್ಟ ಕೂಡಲೇ ಗುಂಯ್ ನಿಲ್ಲುವುದು ಅದರಿಂದಲೇ. ಆದರೆ ಅದೇ ವಯರು ವಾದಕನ ಕೈಯನ್ನು ಆಂಪ್ಲಿಫೈಯರಿನ ಅರ್ತಿಗೆ ಜೋಡಿಸುತ್ತದೆ. ಜನರೇಟರಿನ ಮೇಲೆ ನಡೆಯುವ ಹಳ್ಳಿಯ ವೇದಿಕೆಗಳಲ್ಲಿ ಪ್ಲಗ್ಗಿನ ಮೂರನೇ ಪಿನ್ನು ಮುರಿದಿರುವುದು ಮಾಮೂಲು. ಅಲ್ಲಿ ಮೈಕಿಗೆ ತುಟಿ ತಾಗಿ ಶಾಕ್ ಹೊಡೆಸಿಕೊಳ್ಳದ ಗಾಯಕರು ವಿರಳ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ, ಅರ್ತ್ ಸರಿಯಿಲ್ಲದ ಮೈಕು ಹಿಡಿದು ವೇದಿಕೆಯ ಮೇಲೆಯೇ ತೀರಿಕೊಂಡರು. ಗಿಟಾರಿಗೆ ಹೊಸ ಸ್ವಿಚ್ ಹಾಕಿಸುವ ಹುಡುಗರು ಆಂಪ್ಲಿಫೈಯರಿನ ಪ್ಲಗ್ಗನ್ನೂ ಅದೇ ಅಂಗಡಿಗೆ ತರಬೇಕು.

ನಡುವಿನ ಸತ್ತ ಪಿಕಪ್ ಬಾಕಿ ಉಳಿದಿದೆ. ಒಳಗಿನ ತಂತಿ 42 ಗೇಜಿನದು, ದಪ್ಪ ಮಿಲಿಮೀಟರಿನ ನೂರನೇ ಆರು ಪಾಲು. ಕೆ.ಆರ್. ಪೇಟೆಯಲ್ಲಿ ಸಿಗದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕು. ಸುಮಾರು ಎಂಟು ಸಾವಿರ ಸುತ್ತು ಎಂದಾಗ ಮೇಸ್ತ್ರಿ ಗಾಬರಿಯಾಗಲಿಲ್ಲ. ಅಯಸ್ಕಾಂತ ತಿರುಗಿಸಿ, ಸುತ್ತನ್ನೂ ಎದುರು ದಿಕ್ಕಿಗೆ ಹಾಕಿದರೆ ಪಕ್ಕದ ಪಿಕಪ್ ಜೊತೆ ಸೇರಿದಾಗ ದನಿ ತುಂಬಿಯೇ ಇದ್ದು ಗುಂಯ್ ಮಾತ್ರ ಹೋಗುತ್ತದೆ ಎಂದೆ. ಮೇಜಿನ ಮೇಲಿದ್ದ ಬಿಲ್ ಪುಸ್ತಕದ ಹಿಂಬದಿಯಲ್ಲಿ ಸುರುಳಿ ಬರೆದು, ಬಾಣದ ಗುರುತು ಹಾಕಿ, ಯಾವ ಕಡೆಯಿಂದ ಶುರು ಮಾಡಬೇಕೆಂದು ಅವರು ಹುಡುಗನನ್ನೇ ಕೇಳಿದರು.