ಎಳೆಯ ಹೆಜ್ಜೆಯೊಡನೆ

ಅದೊಂದು ಭಾನುವಾರದ ಮಧ್ಯಾಹ್ನ. ತಂದೆ, ತಾಯಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗ, ಮೂರೂವರೆ ವರ್ಷದ ಮಗಳು, ಇಷ್ಟು ಜನರ ಸಂಸಾರವೊಂದು ಬೆಂಗಳೂರಿನ ಲಾಲ್‌ಬಾಗನ್ನು ನೋಡಲು ಬಂದಿದೆ. ಹೈದರಾಲಿಯು 1760ರಲ್ಲಿ ಆರಂಭಿಸಿದ ತೋಟವಿದು. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆ, ಕೆರೆ, ಇವೆಲ್ಲವನ್ನೂ ಸಂಜೆಯೊಳಗೆ ಮಗುವಿಗೆ ತೋರಿಸಬೇಕೆಂಬುದು ತಂದೆಯ ಹವಣಿಕೆ. ಆದರೆ ಬಾಗಿಲು ದಾಟಿ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿಯೇ ಮಗಳು ದಾರಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ಅಲ್ಲೊಂದು ಇರುವೆಯ ಸಾಲು ಹರಿಯುತ್ತಿತ್ತು.

“ಏಳಮ್ಮ ಪುಟ್ಟಿ, ಗಾಜಿನ ಮನೆ ನೋಡೋಣ ಬಾ” ಎಂದರು ತಂದೆ.

“ಇರುವೆ ಎಲ್ಲಿಗೆ ಹೋಗ್ತಿದೆ ಅಪ್ಪಾ?”

ಕಾಲು ಗಂಟೆ ಕಳೆದರೂ ಮಗು ಏಳಲಿಲ್ಲ. ಇಂತಹ ಗಳಿಗೆಯಲ್ಲಿ ಹಿರಿಯರು ಸಾಮಾನ್ಯವಾಗಿ ಮಗುವನ್ನು ಎತ್ತಿಕೊಂಡು ಮುಂದೆ ನಡೆಯುತ್ತಾರೆ. ಮಗು ಅಳುತ್ತದೆ; ಹಟಮಾರಿ ಎನ್ನಿಸಿಕೊಳ್ಳುತ್ತದೆ. ಅದು ನಿಜವಾಗಿಯೂ ಹಟವೇ?

ಹಿರಿಯರು ನಡೆಯುವುದು ಒಂದು ಸ್ಥಳವನ್ನು ಸೇರುವುದಕ್ಕಾಗಿ; ಎಳೆಯ ಮಗು ನಡೆಯುವುದಾದರೋ ನಡೆಯುವುದಕ್ಕಾಗಿ. 1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ಯನ್ನು ತೆರೆದು, ಮುಂದೆ 1939ರಲ್ಲಿ ಭಾರತಕ್ಕೂ ಬಂದು ಶಿಕ್ಷಕರಿಗೆ ತರಬೇತಿ ನೀಡಿದ ಮರಿಯಾ ಮಾಂಟೆಸ್ಸೊರಿಯವರು ಈ ವ್ಯತ್ಯಾಸವನ್ನು ಬಹು ಸೂಕ್ಷ್ಮವಾಗಿ ಗುರುತಿಸಿದರು. ಮಗುವಿಗೆ ಗುರಿಯೆಂಬುದು ದೂರದಲ್ಲಿಲ್ಲ. ಅದರ ಕಾಲ ಬುಡದಲ್ಲಿಯೇ ಇದೆ. ಗಾಜಿನ ಮನೆಯ ಹಿರಿಮೆಯನ್ನು ಅರಿಯಲು ಇತಿಹಾಸ ಗೊತ್ತಿರಬೇಕು. ಇರುವೆಯ ಸಾಲನ್ನು ನೋಡಲು ಕಣ್ಣಿದ್ದರೆ ಸಾಕು. ಮೊದಲು ಹೋದ ಇರುವೆ ನೆಲದ ಮೇಲೆ ಬಿಟ್ಟ ವಾಸನೆಯ ಜಾಡನ್ನು ಹಿಡಿದು ಉಳಿದವು ಸಾಗುತ್ತವೆ ಎಂಬ ವಿಜ್ಞಾನವನ್ನು ಆ ಮಗು ಅರಿಯದು. ಆದರೆ ಅವು ಸಾಲು ತಪ್ಪುವುದಿಲ್ಲ ಎಂಬುದನ್ನು ಅದು ತಾನಾಗಿಯೇ ಕಂಡುಕೊಂಡಿದೆ. ವಿಜ್ಞಾನದ ಮೊದಲ ಮೆಟ್ಟಿಲೂ ಅದೇ ಅಲ್ಲವೆ?

ಸಂಜೆಯಾಯಿತು. ಗಾಜಿನ ಮನೆಯನ್ನು ದೂರದಿಂದ ನೋಡಿದ್ದಷ್ಟೇ ಆಯಿತು. ಮನೆಗೆ ಮರಳುವ ಬಸ್ಸಿನಲ್ಲಿ ಮಗು ಬೇಸರದಿಂದ ರಗಳೆ ಮಾಡತೊಡಗಿತು. ಅದನ್ನು ಸುಮ್ಮನಿರಿಸಲು ತಾಯಿ ಮೊಬೈಲ್ ಫೋನನ್ನು ಕೈಗೆತ್ತಿಕೊಂಡರು. ಇಂದು ಮನೆಮನೆಯಲ್ಲಿಯೂ ಕಾಣುವ ಉಪಾಯವಿದು. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ. ಪರದೆಯ ಚಿತ್ರವು ಓಡುತ್ತಲೇ ಇರುತ್ತದೆ. ಮಗು ಕೇಳಿದ ಪ್ರಶ್ನೆಗೆ ನಿಂತು ಉತ್ತರ ಹೇಳುವ ವ್ಯವಧಾನ ಅದಕ್ಕಿಲ್ಲ. ಅಷ್ಟರಲ್ಲಿ ಅಣ್ಣನು ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹೊರಗೆ ಕೈ ತೋರಿಸಿದನು. ಶುಕ್ಲಪಕ್ಷದ ಚಂದ್ರ ಮೇಲೇರಿದ್ದನು. ಮಗುವಿನ ರಗಳೆ ನಿಂತಿತು.

“ಅಣ್ಣಾ, ಚಂದಮಾಮ ನಮ್ಮ ಜೊತೇಲೇ ಬರ್ತಿದಾನೆ!”

ಪಕ್ಕದಲ್ಲಿದ್ದವರು ನಕ್ಕರು. ಆದರೆ ಇದು ನಕ್ಕು ಮರೆಯುವ ಮಾತಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಎಂಬವರು ಮಕ್ಕಳನ್ನು ಮಾತನಾಡಿಸಿ, ಚಂದ್ರನು ತಮ್ಮನ್ನು ಹಿಂಬಾಲಿಸುತ್ತಾನೆಂದು ಅನೇಕ ಎಳೆಯರು ನಂಬಿರುವುದನ್ನು ದಾಖಲಿಸಿದ್ದಾರೆ. ಆ ನಂಬಿಕೆಗೆ ಆಧಾರವೂ ಉಂಟು. ಬಸ್ಸು ಸಾಗುವಾಗ ಹತ್ತಿರದ ಮರ ಬೇಗ ಹಿಂದೆ ಸರಿಯುತ್ತದೆ. ದೂರದ ಗುಡ್ಡ ನಿಧಾನವಾಗಿ ಸರಿಯುತ್ತದೆ. ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವ ಚಂದ್ರನೋ, ನಾವು ಹತ್ತಾರು ಕಿಲೋಮೀಟರ್ ಸಾಗಿದರೂ ಹಿಂದೆ ಸರಿದಂತೆ ಕಾಣುವುದಿಲ್ಲ. ಮಗುವಿನ ತೀರ್ಮಾನ ತಪ್ಪಾಗಿರಬಹುದು, ನೋಟ ತಪ್ಪಲ್ಲ.

ಅಣ್ಣನು ತಂಗಿಯನ್ನು ಹಾಸ್ಯ ಮಾಡಲಿಲ್ಲ. ಬಸ್ಸಿಳಿದ ಮೇಲೆ, “ಪುಟ್ಟಿ, ನೀನು ಅಮ್ಮನ ಜೊತೆ ಆ ಕಡೆ ನಡಿ, ನಾನು ಈ ಕಡೆ ನಡೀತೀನಿ. ಚಂದಮಾಮ ಯಾರ ಜೊತೆ ಬರ್ತಾನೆ ನೋಡೋಣ” ಎಂದನು. ಇಬ್ಬರೂ ಎದುರುಬದುರು ದಿಕ್ಕಿಗೆ ನಡೆದು ಮರಳಿ ಬಂದರು.

“ನನ್ನ ಜೊತೆ ಬಂದ” ಎಂದಳು ತಂಗಿ.

“ನನ್ನ ಜೊತೆಯೂ ಬಂದನಲ್ಲ!”

ಮಗು ಒಮ್ಮೆ ಅಣ್ಣನನ್ನು, ಒಮ್ಮೆ ಚಂದ್ರನನ್ನು ನೋಡುತ್ತ ನಿಂತಿತು. ಉತ್ತರ ಅಂದು ಹೊಳೆಯಲಿಲ್ಲ. ಹೊಳೆಯಬೇಕಾದ ಅವಸರವೂ ಇರಲಿಲ್ಲ. ತನಗೆ ಕಂಡಂತೆಯೇ ಇನ್ನೊಬ್ಬರಿಗೂ ಕಾಣುತ್ತದೆ ಎಂಬ ಹೊಸ ಸಂಗತಿಯೊಂದು ಅದರ ಮನಸ್ಸಿನ ಬಾಗಿಲನ್ನು ತಟ್ಟಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದೊಡ್ಡವರಾದ ಮೇಲೆ ಬಹುಮಂದಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ನೆನಪುಗಳು ಉಳಿದಿರುವುದಿಲ್ಲ. ಈ ಮಗುವೂ ಇಂದಿನ ಇರುವೆಯನ್ನು, ಬಸ್ಸನ್ನು, ಚಂದ್ರನನ್ನು ಬಹುಶಃ ಮರೆಯುತ್ತದೆ. ಮರೆತುಹೋಗುವ ದಿನಕ್ಕಾಗಿ ಇಷ್ಟೊಂದು ತಾಳ್ಮೆ ಏಕೆ?

ಹುಟ್ಟಿದಾಗ ಮಗುವಿನ ಮೆದುಳು ವಯಸ್ಕರ ಮೆದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ಆರನೆಯ ವರ್ಷದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಪಾಲು ಬೆಳೆದಿರುತ್ತದೆ. ಈ ಬೆಳವಣಿಗೆಗೆ ಅನ್ನ, ಹಾಲುಗಳಂತೆ ಮಾತು, ಸ್ಪರ್ಶ, ಆಟಗಳೂ ಬೇಕು. ಯಾವ ದಿನ, ಯಾರ ಬಾಯಿಂದ ಯಾವ ಮಾತನ್ನು ಕಲಿತೆವೆಂದು ಯಾರಿಗೂ ನೆನಪಿಲ್ಲ. ಆದರೆ ಕಲಿತ ಮಾತು ಜೀವಮಾನವೆಲ್ಲ ಜೊತೆಗಿರುತ್ತದೆ. ಹಾಗೆಯೇ ದಿನ ಮರೆತುಹೋದರೂ, ಪ್ರಶ್ನೆ ಕೇಳಿದರೆ ಗದರಿಸುವುದಿಲ್ಲ, ನಿಂತರೆ ನನಗಾಗಿ ಕಾಯುವವರಿದ್ದಾರೆ ಎಂಬ ಭರವಸೆಯು ಒಳಗೆ ಬೇರೂರಿರುತ್ತದೆ. ‘ಸುಮ್ಮನಿರು’ ಎಂಬ ಮಾತನ್ನೇ ಕೇಳಿ ಬೆಳೆದ ಮಗು ಮುಂದೆ ತರಗತಿಯಲ್ಲಿಯೂ ಎದ್ದು ನಿಂತು ಪ್ರಶ್ನಿಸಲು ಅಂಜಬಹುದು.

ಇದಕ್ಕೆ ಲಾಲ್‌ಬಾಗೇ ಬೇಕೆಂದಿಲ್ಲ. ಊರ ಸಂತೆ, ಕೆರೆಯ ಏರಿ, ಹಿತ್ತಲಿನ ನುಗ್ಗೆಮರ ಯಾವುದಾದರೂ ಆದೀತು. ತಂದೆತಾಯಿಗಳು ದುಡಿಮೆಗೆ ಹೋಗುವ ಮನೆಗಳಲ್ಲಿ ಎಳೆಯರ ಕೈಹಿಡಿದು ನಡೆಸುವ ಹೊಣೆ ಅನೇಕ ವೇಳೆ ಪ್ರೌಢಶಾಲೆಯ ಅಣ್ಣ, ಅಕ್ಕಂದಿರದೇ ಆಗಿರುತ್ತದೆ. ಅವರ ಹೆಜ್ಜೆ ಸ್ವಲ್ಪ ಚಿಕ್ಕದಾದರೆ ಎಳೆಯರ ಲೋಕ ಅಷ್ಟು ದೊಡ್ಡದಾಗುತ್ತದೆ.

ಆ ರಾತ್ರಿ ತಾಯಿ ಹೊದಿಕೆ ಹೊದಿಸುವಾಗ ಮಗು ಅರೆನಿದ್ದೆಯಲ್ಲಿಯೇ ಕೇಳಿತು: “ಅಮ್ಮಾ, ಇರುವೆಗಳೆಲ್ಲ ಮನೆ ಸೇರಿದವಾ?” ತಾಯಿ ಮಗುವಿನ ತಲೆ ಸವರಿ, “ಸೇರಿದವು ಪುಟ್ಟಿ” ಎಂದರು.