ಕಿಲುಬಿನಲ್ಲಿ ಹರಿಯುವ ವಿದ್ಯುತ್ತು

ವಿದ್ಯುತ್ತಿನ ತಂತಿಗಳನ್ನು ಕೂಡಿಸುವ ಕೆಲಸಗಾರನು ಮೊದಲು ಅವುಗಳ ತುದಿಯನ್ನು ಕೆರೆದು ಹೊಳಪು ಮಾಡಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ತಾಮ್ರದ ಕಿಲುಬಾಗಲಿ ಕಬ್ಬಿಣದ ತುಕ್ಕಾಗಲಿ ಬಹುಮಟ್ಟಿಗೆ ಲೋಹವು ಆಮ್ಲಜನಕದೊಡನೆ ಕೂಡಿ ಆದ ಆಕ್ಸೈಡು. ಅದು ಪ್ರವಾಹಕ್ಕೆ ಅಡ್ಡಿ. ಆದರೆ ಇಂತಹ ಆಕ್ಸೈಡುಗಳಲ್ಲಿಯೇ ಕೆಲವು, ತಕ್ಕಷ್ಟು ತಣಿಸಿದಾಗ, ವಿದ್ಯುತ್ತನ್ನು ಎಳ್ಳಷ್ಟೂ ರೋಧವಿಲ್ಲದೆ ಒಯ್ಯುತ್ತವೆ. ಇನ್ನು ಕೆಲವು ಪ್ರಬಲವಾದ ಕಾಂತಕ್ಷೇತ್ರದಲ್ಲಿ ತಮ್ಮ ರೋಧವನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಿಕೊಳ್ಳುತ್ತವೆ. ಇವೆರಡೂ ಒಂದೇ ಮನೆತನದ ವಸ್ತುಗಳು. ಆದರೂ ಕಾಂತತ್ವವು ಒಂದಕ್ಕೆ ವೈರಿ, ಇನ್ನೊಂದಕ್ಕೆ ಬಂಧು.

ಲೋಹದ ತಂತಿಯಲ್ಲಿ ಸಾಗುವ ಎಲೆಕ್ಟ್ರಾನುಗಳು ಅದುರುತ್ತಿರುವ ಪರಮಾಣುಗಳಿಂದ ಅಡ್ಡಿಗೊಂಡು ಶಕ್ತಿಯನ್ನು ಕಳೆದುಕೊಳ್ಳುತ್ತವೆ. ತಂತಿಯು ಬಿಸಿಯಾಗುವುದು ಇದರಿಂದಲೇ. ೧೯೧೧ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿಯು ಪಾದರಸವನ್ನು ದ್ರವ ಹೀಲಿಯಮ್ಮಿನಿಂದ ತಣಿಸುತ್ತಿದ್ದಾಗ, ಸೊನ್ನೆಗಿಂತ ೨೬೯ ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಅದರ ರೋಧವು ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. ಮುಂದಿನ ಎಪ್ಪತ್ತೈದು ವರ್ಷ ಲೋಹಗಳನ್ನೂ ಮಿಶ್ರಲೋಹಗಳನ್ನೂ ಜಾಲಾಡಿದರೂ ಈ ಗಡಿಯು ಸೊನ್ನೆಯ ಕೆಳಗೆ ಸುಮಾರು ೨೫೦ ಡಿಗ್ರಿಗಿಂತ ಮೇಲೇರಲಿಲ್ಲ.

೧೯೮೬ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಬೆಡ್ನಾರ್ಜ್ ಮತ್ತು ಮುಲ್ಲರ್ ಎಂಬಿಬ್ಬರು ಲ್ಯಾಂಥನಮ್, ಬೇರಿಯಮ್ ಮತ್ತು ತಾಮ್ರಗಳ ಆಕ್ಸೈಡಿನಲ್ಲಿ ಈ ಗಡಿಯನ್ನು ಮೀರಿದ ಅತಿವಾಹಕತೆಯ ಲಕ್ಷಣಗಳನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ೧೯೮೭ರಲ್ಲಿ ಅಮೆರಿಕದ ಪಾಲ್ ಚು ಮತ್ತು ಸಂಗಡಿಗರು ಲ್ಯಾಂಥನಮ್ಮಿನ ಬದಲು ಇಟ್ರಿಯಮ್ಮನ್ನು ಬಳಸಿ, ಗಡಿಯನ್ನು ಸೊನ್ನೆಯ ಕೆಳಗೆ ೧೮೦ ಡಿಗ್ರಿಗೆ ಏರಿಸಿದರು. ಈ ಏರಿಕೆಯ ಬೆಲೆ ದೊಡ್ಡದು. ದ್ರವ ನೈಟ್ರೋಜನ್ ಕುದಿಯುವುದು ಸೊನ್ನೆಯ ಕೆಳಗೆ ೧೯೬ ಡಿಗ್ರಿಯಲ್ಲಿ. ದುಬಾರಿಯಾದ ಹೀಲಿಯಮ್ಮಿಗೆ ಬದಲು, ಗಾಳಿಯಿಂದಲೇ ಪಡೆಯುವ ಈ ಅಗ್ಗದ ದ್ರವವೇ ಇನ್ನು ಸಾಕು. ಮೊದಲು ತಯಾರಾದ ವಸ್ತುವಿನಲ್ಲಿ ಕಪ್ಪು ಮತ್ತು ಹಸುರು ಕಣಗಳು ಬೆರೆತಿದ್ದವು. ಅತಿವಾಹಕವು ಯಾವುದು? ಒಂದು ಪಾಲು ಇಟ್ರಿಯಮ್, ಎರಡು ಬೇರಿಯಮ್, ಮೂರು ತಾಮ್ರವುಳ್ಳ ಕಪ್ಪು ಆಕ್ಸೈಡೇ ಅದೆಂದು ಹಲವು ಪ್ರಯೋಗಶಾಲೆಗಳು ಹೆಚ್ಚುಕಡಮೆ ಒಂದೇ ಕಾಲಕ್ಕೆ ಗುರುತಿಸಿದವು. ಅವುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆರ್. ರಾವ್ ಮತ್ತು ಸಹೋದ್ಯೋಗಿಗಳದೂ ಒಂದು. ಇಂತಹ ಆಕ್ಸೈಡುಗಳನ್ನು ಅವರು ಬಹಳ ಹಿಂದಿನಿಂದಲೇ ಅಭ್ಯಸಿಸುತ್ತಿದ್ದರು.

ಇದರ ತಯಾರಿಕೆಯು ಕುಂಬಾರನ ಕೆಲಸಕ್ಕೆ ದೂರವಲ್ಲ. ಪುಡಿಗಳನ್ನು ಅರೆದು, ಬಿಲ್ಲೆಯಾಗಿ ಒತ್ತಿ, ೯೦೦ ಡಿಗ್ರಿಗೂ ಮೇಲ್ಪಟ್ಟ ಕಾವಿನಲ್ಲಿ ಸುಟ್ಟು, ಆಮ್ಲಜನಕದ ನಡುವೆ ನಿಧಾನವಾಗಿ ಆರಿಸಬೇಕು. ಮೂರು ತಾಮ್ರಕ್ಕೆ ಏಳರ ಸಮೀಪ ಆಮ್ಲಜನಕದ ಪರಮಾಣುಗಳಿದ್ದರೆ ಅದು ಅತಿವಾಹಕ. ಅದು ಆರಕ್ಕೆ ಇಳಿದರೆ ಅದೇ ಬಿಲ್ಲೆಯು ಅವಾಹಕ!

ರೋಧವು ಇಲ್ಲವಾಯಿತೆಂದು ತಿಳಿಯುವ ಬಗೆಯೂ ಸ್ವಾರಸ್ಯವಾದುದು. ಬಿಲ್ಲೆಗೆ ಎರಡೇ ತಂತಿಗಳನ್ನು ಅಂಟಿಸಿ ಅಳೆದರೆ ತಂತಿಯ ರೋಧ, ಅಂಟಿಸಿದೆಡೆಯ ರೋಧ ಎಲ್ಲವೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಬಿಲ್ಲೆಯದು ಸೊನ್ನೆಯಾದರೂ ನಮಗೆ ಕಾಣಿಸದು. ಆದುದರಿಂದ ಸಾಲಾಗಿ ನಾಲ್ಕು ತಂತಿಗಳನ್ನು ಅಂಟಿಸುತ್ತಾರೆ. ಹೊರಗಿನ ಎರಡರ ಮೂಲಕ ಪ್ರವಾಹವನ್ನು ಹರಿಸಿ, ಒಳಗಿನ ಎರಡರ ನಡುವಣ ವೋಲ್ಟೇಜನ್ನು ಅಳೆಯುತ್ತಾರೆ. ಒಳಗಿನ ತಂತಿಗಳಲ್ಲಿ ಪ್ರವಾಹವು ಇಲ್ಲವೆನ್ನುವಷ್ಟು ಕಡಮೆ. ಅಂಟಿನ ರೋಧವು ಅಲ್ಲಿ ತೊಡಕು ಮಾಡಲಾರದು. ಬಿಲ್ಲೆಯು ತಣಿದಂತೆ ಮುಳ್ಳು ಮೆಲ್ಲಮೆಲ್ಲನೆ ಇಳಿದು, ಗಡಿಯ ಬಳಿ ಒಮ್ಮೆಲೇ ಸೊನ್ನೆಗೆ ಬೀಳುತ್ತದೆ.

ಇನ್ನು ಕಾಂತತ್ವದ ವಿಚಾರ. ಪ್ರತಿಯೊಂದು ಎಲೆಕ್ಟ್ರಾನೂ ಒಂದು ಅತಿಸೂಕ್ಷ್ಮವಾದ ಅಯಸ್ಕಾಂತ. ಅತಿವಾಹಕದಲ್ಲಿ ಅವು ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿ ಜೋಡಿಯಾಗಿ ಸಾಗುತ್ತವೆ. ಪ್ರಬಲವಾದ ಕಾಂತಕ್ಷೇತ್ರವು ಈ ಜೋಡಿಯನ್ನು ಮುರಿಯುತ್ತದೆ. ತಾಮ್ರದ ಸ್ಥಾನದಲ್ಲಿ ಮ್ಯಾಂಗನೀಸನ್ನು ಇರಿಸಿದರೆ ಕಥೆಯೇ ತಿರುವುಮುರುವು. ಲ್ಯಾಂಥನಮ್ ಮತ್ತು ಮ್ಯಾಂಗನೀಸ್‌ಗಳ ಆಕ್ಸೈಡು ಅವಾಹಕ. ಲ್ಯಾಂಥನಮ್ಮಿನ ಮೂರರಲ್ಲೊಂದು ಪಾಲನ್ನು ತೆಗೆದು ಕ್ಯಾಲ್ಸಿಯಮ್ ಸೇರಿಸಿದರೆ, ಎಲೆಕ್ಟ್ರಾನು ಒಂದು ಮ್ಯಾಂಗನೀಸ್‌ನಿಂದ ಆಮ್ಲಜನಕದ ಮೂಲಕ ನೆರೆಯದಕ್ಕೆ ದಾಟಲು ಎಡೆಯಾಗುತ್ತದೆ. ಆದರೆ ಅದಕ್ಕೊಂದು ನಿಯಮವುಂಟು: ನೆರೆಹೊರೆಯ ಪರಮಾಣು-ಅಯಸ್ಕಾಂತಗಳೆರಡೂ ಒಂದೇ ದಿಕ್ಕಿಗೆ ಮುಖಮಾಡಿದ್ದರೆ ಮಾತ್ರ ದಾರಿಯು ಸುಗಮ. ಹೊರಗಿನ ಕಾಂತಕ್ಷೇತ್ರವು ಅವನ್ನು ಒಂದೇ ಸಾಲಿಗೆ ತರುತ್ತದೆ, ರೋಧವು ಕುಸಿಯುತ್ತದೆ. ಹಾಲೆಂಡಿನ ಯೋಂಕರ್ ಮತ್ತು ವಾನ್ ಸಾಂಟೆನ್ ೧೯೫೦ರಲ್ಲಿಯೇ ಈ ವಸ್ತುಗಳನ್ನು ವರ್ಣಿಸಿದ್ದರು. ಮರುವರ್ಷ ಜೀನರ್ ಈ ದಾಟುವಿಕೆಯನ್ನು ವಿವರಿಸಿದನು. ಸಾವಿರ ಪಟ್ಟು ಬದಲಾವಣೆಯು ತೆಳುಪೊರೆಗಳಲ್ಲಿ ಕಂಡುಬಂದು ಜಗತ್ತಿನ ಕಣ್ಣು ತೆರೆದದ್ದು ಮಾತ್ರ ೧೯೯೪ರಲ್ಲಿ.

ಈ ಗುಣಕ್ಕೆ ವಿಜ್ಞಾನಿಗಳು 'ಮಹಾಕಾಂತರೋಧ' ಎಂಬರ್ಥದ ಹೆಸರನ್ನಿತ್ತಿದ್ದಾರೆ. ಹೆಸರು ದೊಡ್ಡದಾದಷ್ಟು ಉಪಯೋಗವು ದೊಡ್ಡದಾಗಲಿಲ್ಲವೆಂದೇ ನಾವು ಹೇಳಬೇಕು. ಅಂತಹ ಬದಲಾವಣೆಗೆ ಬೇಕಾದ ಕಾಂತಕ್ಷೇತ್ರವು ಭೂಮಿಯದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು, ಸಾಲದುದಕ್ಕೆ ಕಡುಚಳಿಯೂ ಬೇಕು. ತಾಮ್ರದ ಆಕ್ಸೈಡುಗಳ ತೊಡಕು ಬೇರೆ: ಅವು ಬಳೆಯಂತೆ ಪೆಡಸು, ತಂತಿಯಾಗಿ ಎಳೆಯಲು ಬಾರವು; ಲೋಹದ ಪಟ್ಟಿಯ ಮೇಲೆ ತೆಳುವಾಗಿ ಹರಡಿ ಬಳಸುವುದುಂಟು. ಅವುಗಳಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಗೂಡಿಸುವ ಬಲವಾವುದೆಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವಿನ್ನೂ ಸಿಕ್ಕಿಲ್ಲ.

ಎರಡರಲ್ಲಿಯೂ ಪರಮಾಣುಗಳ ನಡುವಣ ಅಂತರವು ಹೆಚ್ಚುಕಡಮೆ ಒಂದೇ ಆದುದರಿಂದ, ಒಂದರ ಮೇಲೊಂದನ್ನು ಪದರಪದರವಾಗಿ ಬೆಳೆಸಬಹುದು. ಹಾಗೆ ಬೆಳೆಸಿದವರು ಕಂಡದ್ದಿಷ್ಟು: ತಾಮ್ರದ ಪದರವು ತೆಳುವಾದಷ್ಟೂ, ನೆರೆಯ ಮ್ಯಾಂಗನೀಸ್ ಪದರದ ಕಾಂತತ್ವವು ಅದರ ಅತಿವಾಹಕತೆಯನ್ನು ಇನ್ನಷ್ಟು ಕೆಳಗಿನ ಚಳಿಗೆ ದೂಡುತ್ತದೆ.