ನಿಘಂಟಿನ ಹಿಂದಿನ ಸಂಸಾರ

ಗಲಗಲಿ ಅಂದರೆ ಕೃಷ್ಣೆಯ ದಂಡೆ, ಆಚಾರ್ಯರ ಮನೆತನಗಳು, ಹರಿದಾಸಿ ಗಲಗಲಿ ಅವ್ವ. ಹದಿನೆಂಟನೇ ಶತಮಾನದ ಈ ಹೆಣ್ಣುಮಗಳ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ ಸಾಗಿ ಉಳಿದವು. ಆ ಪರಂಪರೆಯ ಪದಗಳನ್ನು ಮೊದಮೊದಲು ಅಚ್ಚಿನ ಮೊಳೆಗೆ ಏರಿಸಿದವರಲ್ಲಿ ಒಬ್ಬರು ಜರ್ಮನಿಯ ಪಾದ್ರಿ ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದವರೂ ಇವರೇ. 1850ರಲ್ಲಿ ಇವರು ದಾಸರ ಪದಗಳ ಸಂಕಲನವೊಂದನ್ನು ಮಂಗಳೂರಿನಲ್ಲಿ ಪ್ರಕಟಿಸಿದರು.

ಮರುವರ್ಷ, 1851ರಲ್ಲಿ, ಮೋಗ್ಲಿಂಗರನ್ನು ಕಳಿಸಿದ ಬಾಸೆಲ್ ಮಿಷನ್ ಸಂಸ್ಥೆಯೇ ಗುಳೇದಗುಡ್ಡದಲ್ಲಿ ತನ್ನ ಕೇಂದ್ರ ತೆರೆಯಿತು. ಗಲಗಲಿಯಿಂದ ಬೀಳಗಿ, ಬಾಗಲಕೋಟೆ ದಾಟಿದರೆ ಒಂದೂವರೆ-ಎರಡು ತಾಸಿನ ದಾರಿ. ಖಣ ನೇಯುವ ಮಗ್ಗಗಳ ಸದ್ದು, ಮಣ್ಣಿನ ಮಾಳಿಗೆ ಮನೆಗಳು, ಕೆಂಪು ಬಂಡೆಯ ಗುಡ್ಡ, ಏಪ್ರಿಲ್ ಬಂತೆಂದರೆ ಕಾದ ಹಂಚಿನಂಥ ನೆಲ. ಹಿಮ ಬೀಳುವ ಊರಿನಲ್ಲಿ ಹುಟ್ಟಿದವರು ಇಂಥಲ್ಲಿ ಬಂದು ಒಲೆ ಹೂಡಿದರು.

ಪರದೇಶಕ್ಕೆ ಹೋಗಿ ನೆಲೆಸಿದ ಕ್ರೈಸ್ತ ದಂಪತಿ ಎಂದರೆ ಇಂದು ನಮಗೆ ನೆನಪಾಗುವುದು ದುಬೈ, ಕುವೈತ್, ಲಂಡನ್ನಿನಲ್ಲಿ ಕೆಲಸ ಹಿಡಿದ ನಮ್ಮ ಕಡೆಯವರು. ಆದರೆ ಸುಮಾರು ಎಂಬತ್ತು ವರ್ಷ ಕಾಲ ಆ ಪರದೇಶ ನಮ್ಮ ಊರೇ ಆಗಿತ್ತು.

ಸಮಿತಿ ಒಪ್ಪಿದರೆ ಮದುವೆ

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಸೇರಿದವರಲ್ಲಿ ಬಹಳ ಜನ ನೈರುತ್ಯ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ರೈತರ, ಕುಶಲಕರ್ಮಿಗಳ ಮನೆಯ ಹುಡುಗರು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನ್‌ಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. 1834ರ ಜುಲೈನಲ್ಲಿ ಹಡಗು ಹತ್ತಿದ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅಕ್ಟೋಬರ್‌ನಲ್ಲಿ ಕಲ್ಲಿಕೋಟೆ ತಲುಪಿ, ಅಲ್ಲಿಂದ ಮಂಗಳೂರಿಗೆ ಬಂದರು. ಮುಂದೆ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಆಮೇಲೆ ಗುಳೇದಗುಡ್ಡ.

ಬರುವಾಗ ಇವರು ಸಾಮಾನ್ಯವಾಗಿ ಒಂಟಿ. ಮದುವೆಗೆ ಮಿಷನ್ನಿನ ನಿಯಮವಿತ್ತು: ಮೊದಲ ಕೆಲವು ವರ್ಷ ಭಾಷೆ ಕಲಿತು, ಕೆಲಸದಲ್ಲಿ ನಿಂತು ತೋರಿಸಬೇಕು, ಆಮೇಲೆ ಬಾಸೆಲ್‌ನ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯೇ ಎಷ್ಟೋ ಸಲ ಕನ್ಯೆ ಹುಡುಕುತ್ತಿತ್ತು. ಹುಡುಗಿಯ ನಡತೆ, ಭಕ್ತಿ, ಆರೋಗ್ಯ ವಿಚಾರಿಸಿ ಒಪ್ಪಿಗೆ ಕೊಟ್ಟ ಮೇಲೆ ಆಕೆ ತವರು ಬಿಟ್ಟು ಹಡಗು ಹತ್ತುವಳು. ವರನ ಮುಖವನ್ನು ಬಂದರಿನಲ್ಲಿ ಇಳಿದಾಗಲೇ ಮೊದಲ ಬಾರಿ ನೋಡಿದ ವಧುಗಳು ಅನೇಕರು. ಹಿರಿಯರು ಗೊತ್ತು ಮಾಡಿದ ಸಂಬಂಧಕ್ಕೆ ತಲೆಬಾಗುವ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದು ತೀರ ಅಪರಿಚಿತ ಕಥೆಯಲ್ಲ. ವ್ಯತ್ಯಾಸವಿಷ್ಟೇ: ಇವರಿಗೆ ಪಂಚಮಿ ಹಬ್ಬಕ್ಕೆ ತವರಿಗೆ ಹೋಗುವ ಅವಕಾಶವಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಗದಗ, ಬಾಗಲಕೋಟೆ, ವಿಜಯಪುರ ಕೂಡಿಸುವ ರೈಲು ಓಡಿದ್ದು 1884ರಲ್ಲಿ. ಅದಕ್ಕೂ ಮೊದಲು ಬಂದವರಿಗೆ ತಿಂಗಳುಗಟ್ಟಲೆ ಕಡಲು, ಆಮೇಲೆ ಎತ್ತಿನ ಗಾಡಿ.

1860ರ ಎರಡು ಮದುವೆಗಳು

ಫರ್ಡಿನಂಡ್ ಕಿಟೆಲ್ ಕನ್ನಡಿಗರಿಗೆ ಹೊಸಬರಲ್ಲ. 1832ರ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿ, 1853ರಲ್ಲಿ ಇದೇ ಮಿಷನ್ನಿನಿಂದ ಇಲ್ಲಿಗೆ ಬಂದವರು. ಅವರ ಸಂಸಾರ ಮಾತ್ರ ನಮಗೆ ಅಪರಿಚಿತ. 1860ರಲ್ಲಿ ಪೌಲೀನ್ ಐತ್ ಅವರ ಕೈಹಿಡಿದರು. 1862ರಲ್ಲಿ ಕಿಟೆಲ್ ಕ್ರಿಸ್ತನ ಬದುಕನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ ತಂದರು. 1864ರಲ್ಲಿ ಪೌಲೀನ್ ತೀರಿಕೊಂಡರು. ದಾಂಪತ್ಯ ನಾಲ್ಕೇ ವರ್ಷ. 1867ರಲ್ಲಿ ಕಿಟೆಲ್ ಮತ್ತೆ ಮದುವೆಯಾದದ್ದು ಪೌಲೀನ್‌ರ ತಂಗಿ ಜೂಲಿಯನ್ನು. ಅಕ್ಕ ಜೀವ ಬಿಟ್ಟ ದೇಶಕ್ಕೆ ತಂಗಿ ಬಂದರು. 1872ರ ‘ಶಬ್ದಮಣಿದರ್ಪಣ’, 1875ರ ‘ಛಂದೋಂಬುಧಿ’ ಸಂಪಾದನೆಗಳು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಎಲ್ಲವೂ ಈ ಎರಡನೆಯ ಸಂಸಾರದ ಕಾಲದವು.

ಅದೇ 1860ರಲ್ಲಿ ಇನ್ನೊಂದು ಮದುವೆ ನಡೆಯಿತು. ವರ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯ. 1844ರಲ್ಲಿ ಕ್ರೈಸ್ತರಾಗಿ, ಮೋಗ್ಲಿಂಗರ ಜತೆ ಬಾಸೆಲ್‌ಗೆ ಹೋಗಿ, ಅಲ್ಲಿನ ಸೆಮಿನರಿಯಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದವರು. ಅವರ ಮೊದಲ ಹೆಂಡತಿ ಗಂಡನ ಹೊಸ ಮತಕ್ಕೆ ಬರಲಿಲ್ಲ. ಸಂಸಾರ ಮುರಿಯಿತು. 1860ರಲ್ಲಿ ಅವರನ್ನು ಮದುವೆಯಾದವರು ವುರ್ಟೆಂಬರ್ಗಿನ ಮರಿ ರೈನ್‌ಹಾರ್ಟ್. ಆಳುವವರು ಬಿಳಿಯರು, ಆಳಿಸಿಕೊಳ್ಳುವವರು ಕರಿಯರು ಎಂಬ ಗೆರೆ ಗಟ್ಟಿಯಾಗಿದ್ದ ಕಾಲವದು. 1857ರ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಬಿಳಿಯ ಹೆಣ್ಣೊಬ್ಬಳು ಕನ್ನಡ ನಾಡಿನ ಗಂಡನ ಹಿಂದೆ ಬಂದು ಇಲ್ಲಿ ಮಕ್ಕಳೊಂದಿಗೆ ಬದುಕು ಕಟ್ಟಿದರು. ಕೌಂಡಿನ್ಯರು 1893ರವರೆಗೆ ಬದುಕಿದ್ದರು. ಪರದೇಶಕ್ಕೆ ಹೊಂದಿಕೊಳ್ಳುವ ಪರೀಕ್ಷೆಯನ್ನು ಈ ದಂಪತಿಗಳಲ್ಲಿ ಇಬ್ಬರೂ ಬರೆದಿದ್ದರು: ಗಂಡ ಬಾಸೆಲ್‌ನಲ್ಲಿ, ಹೆಂಡತಿ ಇಲ್ಲಿ.

ಮೋಗ್ಲಿಂಗರ ಸಂಸಾರವೂ ಸಾವಿನ ನೆರಳಲ್ಲಿ ಶುರುವಾದದ್ದೇ. ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಹೆಂಡತಿ ಪೌಲೀನ್ ಮಕ್ಕಳೊಂದಿಗೆ ಉಳಿದರು. ಅಲ್ಲಿಯವರೆಗೆ ಬ್ರಹ್ಮಚಾರಿಯಾಗಿದ್ದ ಮೋಗ್ಲಿಂಗ್ ಗೆಳೆಯನ ವಿಧವೆಯನ್ನು ಮದುವೆಯಾಗಿ ಕೊಡಗಿನಲ್ಲಿ ಮನೆ ಹೂಡಿದರು. 1860ರಲ್ಲಿ ಇಬ್ಬರೂ ತಾಯ್ನಾಡಿಗೆ ಮರಳಿದರು.

ಪಾದ್ರಿಗೆ ಬೀದಿ, ದೊರೆಸಾನಿಗೆ ಪಡಸಾಲೆ

ಪಾದ್ರಿ ಸಂತೆ, ಜಾತ್ರೆಗಳಲ್ಲಿ ನಿಂತು ಮಾತಾಡುತ್ತಿದ್ದ. ಮನೆಯೊಳಗಿನ ಹೆಂಗಸರ ಹತ್ತಿರ ಅವನು ಸುಳಿಯುವಂತಿರಲಿಲ್ಲ. ಅಲ್ಲಿಗೆ ಕಾಲಿಡಬಲ್ಲವಳು ಅವನ ಹೆಂಡತಿ, ದೊರೆಸಾನಿ ಮಾತ್ರ. ಹೆಣ್ಣುಮಕ್ಕಳ ಶಾಲೆ, ಹೊಲಿಗೆ, ಅನಾಥ ಮಕ್ಕಳ ಊಟ-ಉಪಚಾರ, ರೋಗಿಗಳಿಗೆ ಮದ್ದು, ಇವೆಲ್ಲ ಅವಳ ಪಾಲು. ಸಂಬಳದ ಪಟ್ಟಿಯಲ್ಲಿ ಇರುತ್ತಿದ್ದುದು ಗಂಡನ ಹೆಸರು. 1876-78ರ ಬರ ಇಂದಿನ ಬಾಗಲಕೋಟೆ, ವಿಜಯಪುರ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ಹುರಿದು ಹಾಕಿದಾಗ ಮಿಷನ್ನಿನ ಅಂಗಳಗಳಿಗೆ ತಬ್ಬಲಿ ಮಕ್ಕಳು ಬಂದರು. ಅವರಿಗೆ ಗಂಜಿ ಬೇಯಿಸುವ ಲೆಕ್ಕಾಚಾರ ಧರ್ಮಶಾಸ್ತ್ರದ ಪುಸ್ತಕದಲ್ಲಿ ಇರಲಿಲ್ಲ.

ಪಂಡಿತರಿಂದ ಪಾದ್ರಿ ಕಲಿತದ್ದು ಗ್ರಂಥದ ಕನ್ನಡ. ದೊರೆಸಾನಿಗೆ ಬೇಕಾದದ್ದು ಹಾಲಿನವಳ ಜತೆ, ನೀರು ತರುವವಳ ಜತೆ, ಶಾಲೆಗೆ ಬರಲೊಲ್ಲದ ಹುಡುಗಿಯ ತಾಯಿಯ ಜತೆ ಆಡುವ ಕನ್ನಡ. ಕಿಟೆಲ್ಲರ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪಕ್ಕದಲ್ಲೇ ಗಾದೆಗಳೂ ಮನೆಮಾತೂ ಕೂತಿವೆ. ಅದರ ಶ್ರೇಯಸ್ಸು ಕಿಟೆಲ್ಲರ ಕಿವಿಗೆ, ಅವರಿಗೆ ನೆರವಾದ ಸ್ಥಳೀಯ ವಿದ್ವಾಂಸರಿಗೆ ಸಲ್ಲಬೇಕು, ನಿಜ. ಆದರೆ ಅವರು ಬರೆಯಲು ಕೂತ ಹೊತ್ತಿನಲ್ಲಿ ಮನೆ ನಡೆಸಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ.

ತೆತ್ತ ಬೆಲೆ

ಈ ಬದುಕಿನ ಅತ್ಯಂತ ಕಠಿಣ ಭಾಗ ಮಕ್ಕಳದು. ಇಲ್ಲಿನ ಹವೆ, ರೋಗ, ‘ಅನ್ಯ’ ಸಂಸ್ಕಾರದ ಭಯದಿಂದ ಮಕ್ಕಳಿಗೆ ಆರೇಳು ವರ್ಷ ತುಂಬುವ ಹೊತ್ತಿಗೆ ಯುರೋಪಿಗೆ ಕಳಿಸಿಬಿಡಬೇಕು ಎಂಬುದು ಮಿಷನ್ನಿನ ಪದ್ಧತಿ. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಇದಕ್ಕೆಂದೇ ಮಕ್ಕಳ ಮನೆ ಶುರುವಾಯಿತು. ಪತ್ರಗಳಲ್ಲಷ್ಟೇ ಅಪ್ಪ-ಅವ್ವನನ್ನು ಕಂಡು ಬೆಳೆದ ಮಕ್ಕಳೆಷ್ಟೋ. ಮಲಯಾಳ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಯ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟುಬಂದರು. ತಂದೆ-ತಾಯಿಯನ್ನು ಸೇರಲು ಮರಳಿದ್ದು 1857ರಲ್ಲಿ, ಹದಿಹರೆಯದ ಹುಡುಗಿಯಾಗಿ. ಮುಂದೆ ಇದೇ ಮಿಷನ್ನಿನಲ್ಲಿದ್ದ ಯೋಹಾನೆಸ್ ಹೆಸ್ಸೆ ಅವರ ಹೆಂಡತಿಯಾದ ಈಕೆಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ.

ಬೆಲೆ ತೆತ್ತವರು ಬಂದವರು ಮಾತ್ರ ಅಲ್ಲ. ಮತ ಬದಲಿಸಿದವರನ್ನು ಕುಲ, ಬಾವಿ, ಬೀಗರು ಹೊರಗಿಟ್ಟರು. ಕೌಂಡಿನ್ಯರ ಮೊದಲ ಹೆಂಡತಿಯ ನೋವಿಗೆ ಮಿಷನ್ನಿನ ಚರಿತ್ರೆಯಲ್ಲಿ ದೊಡ್ಡ ಜಾಗವಿಲ್ಲ. ಪಾದ್ರಿಗಳು ಊರನ್ನು ತಪ್ಪಾಗಿ ಓದಿದ್ದೂ ಉಂಟು. 1840ರ ಸುಮಾರಿಗೆ ಕಾಲಜ್ಞಾನ ಪಂಥದವರು ಸಾವಿರಾರು ಜನ ನಿಮ್ಮ ಕಡೆ ಬರುತ್ತೇವೆ ಎಂದಾಗ ಅದನ್ನು ನಂಬಿ, ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ಹೊಸ ಊರನ್ನೇ ಕಟ್ಟಲು ಹೊರಟರು. ಎಣಿಸಿದಷ್ಟು ಜನ ಬರಲಿಲ್ಲ. ಊರನ್ನು ಬದಲಿಸಲು ಬಂದು, ಬದಲಾಗಿ ಊರಿನ ಮಾತನ್ನು ಬರೆದಿಟ್ಟು ಹೋದದ್ದೇ ಇವರ ಹೆಚ್ಚು ಬಾಳಿದ ಕೆಲಸ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ನರೆಲ್ಲ ಬ್ರಿಟಿಷರಿಗೆ ಶತ್ರುಗಳಾದರು. ಅನೇಕ ಪಾದ್ರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಹಡಗಿನಲ್ಲಿ ವಾಪಸು ಕಳಿಸಿದರು. ದಶಕಗಳಿಂದ ಕಟ್ಟಿದ ಸಂಸಾರಗಳು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋದವು. ಶಾಲೆ, ಚರ್ಚು, ಬೆಟಗೇರಿಯ ಆಸ್ಪತ್ರೆ ಉಳಿದವು.

ಈಗ ತಿರುಗಿದ ದಾರಿ

ಇಂದು ದಾರಿ ತಿರುಗಿದೆ. ನಮ್ಮ ಎಂಜಿನಿಯರ್, ನರ್ಸ್‌ಗಳು ಅದೇ ಜರ್ಮನಿಗೆ ಹೋಗುತ್ತಿದ್ದಾರೆ. ಗಂಡನನ್ನೋ ಹೆಂಡತಿಯನ್ನೋ ಸೇರಲು ಹೊರಟ ಹಲವರು ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಪಾಸಾಗಬೇಕು. ಆ ನೆಲದ ಮಾತು ಕಲಿಯದೆ ಆ ನೆಲದಲ್ಲಿ ಬೇರು ಬಿಡಲಾಗದು ಎಂಬ ಪಾಠವನ್ನು ಪೌಲೀನ್, ಜೂಲಿ, ಮರಿ ರೈನ್‌ಹಾರ್ಟ್ ಇಲ್ಲಿ ಕಲಿತಿದ್ದರು. ಅಲ್ಲಿಗೆ ಹೋಗುವ ನಮ್ಮವರಿಗೂ ಬೇರೆ ದಾರಿಯಿಲ್ಲ. ಮನೆಯಲ್ಲಿ ಮಕ್ಕಳಿಗೆ ಕನ್ನಡ ಉಳಿಸುವ ಕೆಲಸ ಇನ್ನೊಂದು ಪಾಠ. ವಿಮಾನ, ವಿಡಿಯೊ ಕರೆ ಇರುವ ಈ ಕಾಲದಲ್ಲಿ ಅದು ಅಷ್ಟು ಕಷ್ಟವೂ ಅಲ್ಲ.

ಬಾಸೆಲ್‌ನ ಮಿಷನ್ ದಾಖಲೆ ಸಂಗ್ರಹದಲ್ಲಿ ಕನ್ನಡ ನಾಡಿನ ಪತ್ರಗಳು, ವರದಿಗಳು, ಫೋಟೊಗಳು ಜೋಪಾನವಾಗಿವೆ. ಫೋಟೊಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೆಯ ಪುಸ್ತಕಗಳಿವೆ. ಬಾಗಲಕೋಟೆ, ಜಮಖಂಡಿಯ ಕಾಲೇಜುಗಳ ಇತಿಹಾಸ ವಿಭಾಗಗಳು ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಹಚ್ಚಲಿ. ಗುಳೇದಗುಡ್ಡದ ಹಿರಿಯರ ಬಾಯಲ್ಲಿ ಉಳಿದ ಮಾತುಗಳನ್ನು ಬರೆದಿಡಲಿ, ಹಳೆಯ ಸಮಾಧಿಗಳ ಮೇಲಿನ ಹೆಸರುಗಳು ಅಳಿಸುವ ಮುನ್ನ ಪಟ್ಟಿ ಮಾಡಲಿ. ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ನಮ್ಮ ಕಡೆಯವರು ರಜೆಯ ಒಂದು ದಿನವನ್ನು ಆ ದಾಖಲೆಗಳಿಗೆ ಕೊಡಲಿ. ಮುಂದಿನ ಬಾರಿ ಕಿಟೆಲ್ ಜಯಂತಿ ಆಚರಿಸುವವರು ಪೌಲೀನ್ ಮತ್ತು ಜೂಲಿಯವರ ಹೆಸರನ್ನೂ ವೇದಿಕೆಯಿಂದ ಹೇಳಲಿ.